ಗುಂಡಿ ತೋಡಬೇಡಿ, ಕೈ ಹಿಡಿದು ಕಲಿಸಿ

ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ನಾಲ್ಕೂ ನಮ್ಮ ಭಾಗದ ಹಳ್ಳಿಗಳಿಂದಲೇ ಬಂದಿವೆ. ನಾನು ಡಾಕ್ಟರ್ ಅಲ್ಲ. ಬುದ್ಧಿ ಬೆಳವಣಿಗೆ ನಿಧಾನ ಇರುವ ಮಕ್ಕಳ ಮನೆಗೆ ಹೋಗಿ ಕಲಿಸುವವಳು. ಕಲಬುರಗಿ ಜಿಲ್ಲೆಯಲ್ಲಿ 26 ವರ್ಷದಿಂದ ಇದೇ ಕೆಲಸ.

ಪ್ರಶ್ನೆ: ನನ್ನ ಮಗನಿಗೆ 7 ವರ್ಷ. ಹುಟ್ಟಿದಾಗ ಅಳಲಿಲ್ಲ. ನಡೆದಿದ್ದು ಮೂರೂವರೆ ವರ್ಷಕ್ಕೆ. ‘ಅವ್ವಾ’, ‘ನೀರು’, ‘ಬಾ’ ಇಷ್ಟೇ ಮಾತು. ಆಗಾಗ ಫಿಟ್ಸ್ ಬರುತ್ತದೆ. ಶಾಲೆಯವರು ಬೇಡ ಅಂದರು. ದೇವರಿಗೆ ಹರಕೆ ಹೊತ್ತೆವು, ನಾಟಿ ಔಷಧಿ ಕೊಡಿಸಿದೆವು. 2027ರ ಆಗಸ್ಟ್ 2ಕ್ಕೆ ಸೂರ್ಯಗ್ರಹಣ ಇದೆಯಂತೆ. ಅವತ್ತು ತಿಪ್ಪೆಯಲ್ಲಿ ಕುತ್ತಿಗೆವರೆಗೆ ಹೂತರೆ ಸರಿಹೋಗುತ್ತಾನೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ನನಗೆ ಭಯ. ಏನು ಮಾಡಲಿ?
— ಹೆಸರು ಬೇಡ, ಚಿತ್ತಾಪುರ ತಾಲ್ಲೂಕು

ಉತ್ತರ: ಹೂಳಬೇಡಿ ತಾಯಿ. ನಿಮ್ಮ ಭಯ ಸರಿಯಾಗಿದೆ. 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿ ಹತ್ತಿರದ ತಾಜ್ ಸುಲ್ತಾನಪುರದಲ್ಲಿ ಮಕ್ಕಳನ್ನು ಹೀಗೇ ಹೂತಿದ್ದರು. ಆ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಮಣ್ಣಿನ ಮೇಲೆ ಪುಟ್ಟ ತಲೆಗಳು ಮಾತ್ರ. ಅಳುವ ಮುಖ ಒರೆಸಿಕೊಳ್ಳೋಕೂ ಕೈ ಹೊರಗಿಲ್ಲ. ಆ ತಾಯಂದಿರನ್ನು ನಾನು ಬೈಯುವುದಿಲ್ಲ. ಯಾರೂ ದಾರಿ ತೋರಿಸದೇ ಇದ್ದಾಗ ಮನುಷ್ಯ ಸಿಕ್ಕಿದ್ದನ್ನೆಲ್ಲ ಮಾಡಿ ನೋಡುತ್ತಾನೆ. ನಮ್ಮ ಮನೆಯಲ್ಲೂ ಮಾಡಿದ್ದಾರೆ.

ನನ್ನ ತಮ್ಮನಿಗೆ ಈಗ 43. ಜೇವರ್ಗಿ ಕಡೆಯ ಊರು ನಮ್ಮದು. ಅವ್ವನಿಗೆ ಎರಡು ದಿನ ಹೆರಿಗೆ ನೋವು. ಹಳ್ಳ ತುಂಬಿತ್ತು, ಎತ್ತಿನ ಗಾಡಿ ದಾಟಲಿಲ್ಲ. ಮೈಯೆಲ್ಲ ನೀಲಿಯಾಗಿ ಹುಟ್ಟಿದ. ಅಳಲಿಲ್ಲ. ಅವನನ್ನು ಹೊತ್ತುಕೊಂಡು ಅಪ್ಪ ತಿರುಗದ ಊರಿಲ್ಲ. ಒಂದು ಎಕರೆ ತೊಗರಿ ಹೊಲ ಹೋಯ್ತು. ಅವ್ವ ಕಳೆ ತೆಗೆಯೋಕೆ ಹೋದಾಗ ಅವನ ಕಾಲಿಗೆ ಸೀರೆ ತುಂಡು ಸುತ್ತಿ ಕಂಬಕ್ಕೆ ಕಟ್ಟುತ್ತಿದ್ದರು. ಬಾವಿ ಕಡೆ ಹೋಗಬಾರದು ಅಂತ. ಆ ಕಂಬದ ಬುಡದಲ್ಲಿ ನೆಲ ಸವೆದು ದುಂಡಗೆ ಗುಳಿ ಬಿದ್ದಿತ್ತು. ತಾನೇ ರೊಟ್ಟಿ ಮುರಿದು ತಿಂದಿದ್ದು 12ನೇ ವರ್ಷಕ್ಕೆ. ಅದಕ್ಕೆ ಮೊದಲು ಅವನಿಗೆ ಕಲಿಯೋಕೆ ಆಗುತ್ತಿರಲಿಲ್ಲ ಅಂತಲ್ಲ. ವಾಸಿ ಆಗಲಿ, ಆಮೇಲೆ ಕಲಿಸೋಣ ಅಂತ ನಾವೆಲ್ಲ ಕಾಯುತ್ತಿದ್ದೆವು. ಆ ಹನ್ನೆರಡು ವರ್ಷ ನೆನೆದರೆ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅದಕ್ಕೇ ನಿಮಗೆ ನೇರವಾಗಿ ಹೇಳುತ್ತೇನೆ. ಹೆರಿಗೆ ಹೊತ್ತಿನಲ್ಲಿ ಉಸಿರು ಸಿಗದೆ ಮಿದುಳಿನ ಒಂದು ಭಾಗಕ್ಕೆ ಪೆಟ್ಟು ಬಿದ್ದಿದ್ದರೆ, ಆ ಪೆಟ್ಟನ್ನು ಮಣ್ಣೂ ಅಳಿಸುವುದಿಲ್ಲ, ಟಾನಿಕ್ಕೂ ಅಳಿಸುವುದಿಲ್ಲ. ಗ್ರಹಣ ಅಂದರೆ ಚಂದ್ರನ ನೆರಳು. ಆ ನೆರಳಿಗೆ ಮಗುವಿನ ತಲೆಯೊಳಗೆ ಮಾಡುವ ಕೆಲಸ ಏನೂ ಇಲ್ಲ. ಆದರೆ ಉಳಿದ ಮಿದುಳು ಕಲಿಯುತ್ತದೆ. ನಿಧಾನವಾಗಿ, ಅದನ್ನೇ ನೂರು ಸಲ ಮಾಡಿಸಿದರೆ ಕಲಿಯುತ್ತದೆ. ಫಿಟ್ಸ್ ಇರುವ ಮಗುವನ್ನು ಕುತ್ತಿಗೆವರೆಗೆ ಹೂತರೆ ಏನಾಗಬಹುದು ಯೋಚನೆ ಮಾಡಿ. ಮಣ್ಣಿನ ಭಾರಕ್ಕೆ ಎದೆ ಏಳುವುದಿಲ್ಲ. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸೋಕೂ ಆಗುವುದಿಲ್ಲ.

ಮೊದಲು ಫಿಟ್ಸ್ ನೋಡಿಸಿ. ಪ್ರತಿ ಸಲ ಜೋರಾಗಿ ಬಂದಾಗಲೂ ಕಲಿತದ್ದು ಹಿಂದಕ್ಕೆ ಹೋಗಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಔಷಧಿಯನ್ನು ದಿನಾ ಅದೇ ಹೊತ್ತಿಗೆ ಕೊಡಿ. ‘ಎರಡು ತಿಂಗಳಿಂದ ಬಂದಿಲ್ಲ’ ಅಂತ ನೀವಾಗೇ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಇನ್ನೂ ಜೋರಾಗಿ ಬರಬಹುದು. ಬಂದಾಗ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಯಾವುದೂ ಬೇಡ. ಪಕ್ಕಕ್ಕೆ ಮಲಗಿಸಿ, ತಲೆ ಕೆಳಗೆ ಮಡಿಸಿದ ಬಟ್ಟೆ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಇನ್ನು ಕಲಿಸುವ ಮಾತು. ಅಂಗಿ ಗುಂಡಿ, ಅ ಆ ಇ ಈ ಎಲ್ಲ ಆಮೇಲೆ. ಎಲಾಸ್ಟಿಕ್ ಚಡ್ಡಿಯಿಂದ ಶುರು ಮಾಡಿ. ಎರಡೂ ಕಾಲು ನೀವೇ ತೂರಿಸಿ. ಮೊಣಕಾಲು ದಾಟಿಸಿ ಸೊಂಟದ ಹತ್ತಿರ ತಂದು ನಿಲ್ಲಿಸಿ. ಅವನ ಎರಡೂ ಹೆಬ್ಬೆರಳನ್ನು ಎಲಾಸ್ಟಿಕ್ ಒಳಗೆ ಸಿಕ್ಕಿಸಿ, ಮೇಲೆ ನಿಮ್ಮ ಕೈ ಇಡಿ. ‘ಎಳಿ’ ಅನ್ನಿ. ಒಂದೇ ಮಾತು, ದಿನಾ ಅದೇ ಮಾತು. ಕೊನೆಯ ನಾಲ್ಕು ಬೆರಳಷ್ಟು ಅವನೇ ಎಳೆಯಲಿ. ಎಳೆದ ತಕ್ಷಣ ಬೆನ್ನು ತಟ್ಟಿ. ಅದು ಕೈಗೆ ಕುಳಿತ ಮೇಲೆ ತೊಡೆಯಿಂದ ಎಳೆಯಲಿ. ಆಮೇಲೆ ಮೊಣಕಾಲಿನಿಂದ. ಕೊನೆಗೆ ಕಾಲು ತೂರಿಸುವುದು. ಕೆಲಸವನ್ನು ಕೊನೆಯಿಂದ ಕಲಿಸುವ ಕ್ರಮ ಇದು. ಯಾಕೆಂದರೆ ಪ್ರತಿ ಸಲವೂ ಕೆಲಸ ಮುಗಿಸಿದ್ದು ಅವನೇ. ‘ನಾನು ಮಾಡಿದೆ’ ಅನ್ನೋದು ಅವನ ಮುಖದಲ್ಲಿ ನಿಮಗೇ ಕಾಣುತ್ತದೆ. ಕೈ ತೊಳೆಯುವುದು, ಚೊಂಬಿನಿಂದ ನೀರು ಕುಡಿಯುವುದು ಎಲ್ಲವನ್ನೂ ಹೀಗೇ ಕಲಿಸಬಹುದು. ಚಡ್ಡಿಗೇ ಎರಡು ಮೂರು ತಿಂಗಳು ಹಿಡಿದರೂ ಹಿಡಿಯಲಿ.

ಶಾಲೆ ಬೇಡ ಅನ್ನುವ ಹಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತವಾಗಿ ಕಲಿಯುವ ಹಕ್ಕಿದೆ. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ, ಅವರನ್ನು ಕೇಳಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಿಸುತ್ತಾರೆ. ಮಾಸಾಶನ, ಬಸ್ ಪಾಸ್, ಏನು ಕೇಳಲು ಹೋದರೂ ಮೊದಲು ಆ ಕಾರ್ಡ್ ಬೇಕು. ನಿರಾಮಯ ಅನ್ನುವ ಆರೋಗ್ಯ ವಿಮೆಯೂ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿಗೆ ಹೋಗಿ ಬಿಐಇಆರ್‌ಟಿ ಟೀಚರ್, ಅಂದರೆ ಇಂಥ ಮಕ್ಕಳಿಗೆ ಕಲಿಸುವ ಟೀಚರ್, ಯಾರು ಅಂತ ಕೇಳಿ. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆ ಇದೆ.

ಅತ್ತೆಯ ಜೊತೆ ಜಗಳ ಆಡಬೇಡಿ. ಅವರಿಗೂ ಮೊಮ್ಮಗ ಬೇಕು, ಅಲ್ವಾ? ಚಡ್ಡಿ ಎಳೆಯುವ ಕೆಲಸವನ್ನು ಅವರ ಕೈಗೇ ಕೊಡಿ. ಹೊಲಕ್ಕೆ ಹೋಗುವವರು ನೀವು, ಹಗಲೆಲ್ಲ ಅವನ ಜೊತೆ ಇರುವವರು ಅವರು.

ಪ್ರಶ್ನೆ: ನಾನು ಸೋದರಮಾವನ ಮಗನನ್ನೇ ಮದುವೆಯಾಗಿದ್ದೇನೆ. ಮೊದಲ ಮಗಳಿಗೆ ಬುದ್ಧಿ ಬೆಳೆದಿಲ್ಲ. ನನ್ನ ಹೊಟ್ಟೆಯದೇ ದೋಷ ಅಂತಾರೆ. ಎರಡನೇ ಮಗು ಮಾಡಿಕೊಳ್ಳಬಹುದೇ?
— ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಹೊಟ್ಟೆಯ ದೋಷ ಅನ್ನುವ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ರಕ್ತಸಂಬಂಧದಲ್ಲಿ ಮದುವೆಯಾದವರಿಗೆ ಕೆಲವು ಕಾಯಿಲೆಗಳ ಸಾಧ್ಯತೆ ಜಾಸ್ತಿ, ನಿಜ. ಆದರೆ ಅಂಥ ಕಾಯಿಲೆ ಬರಬೇಕಾದರೆ ಅದೇ ತಪ್ಪಿರುವ ಜೀನ್ (ವಂಶವಾಹಿ) ತಾಯಿಯಿಂದಲೂ ಬರಬೇಕು, ತಂದೆಯಿಂದಲೂ ಬರಬೇಕು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಅದರಲ್ಲಿ ನಿಮ್ಮೊಬ್ಬರದೇ ಅನ್ನೋದು ಏನಿದೆ?

ಇನ್ನೊಂದು ಮಾತು. ನಿಮ್ಮ ಮಗಳದು ವಂಶದಿಂದಲೇ ಬಂದದ್ದು ಅಂತ ಯಾರು ಹೇಳಿದರು? ಹೆರಿಗೆ ತಡವಾಗಿತ್ತಾ? ಹುಟ್ಟಿದ ವಾರದಲ್ಲಿ ಕಾಮಾಲೆ ಜೋರಾಗಿತ್ತಾ? ಮೆದುಳು ಜ್ವರ ಬಂದಿತ್ತಾ? ಥೈರಾಯ್ಡ್ ಕಡಿಮೆ ಇತ್ತಾ? ಇವು ಬೇರೆ ಬೇರೆ ಕಾರಣಗಳು, ಮುಂದಿನ ಮಗುವಿನ ಲೆಕ್ಕವೂ ಬೇರೆ ಬೇರೆ. ಅದಕ್ಕೇ ಮೊದಲು ಮಗಳನ್ನು ಮಕ್ಕಳ ಡಾಕ್ಟರಿಗೆ ತೋರಿಸಿ, ಕಾರಣ ಹುಡುಕಿಸಿ. ಬೇಕಿದ್ದರೆ ಅವರೇ ಜೀನ್ ಪರೀಕ್ಷೆಗೆ ದೊಡ್ಡ ಊರಿಗೆ ಬರೆದುಕೊಡುತ್ತಾರೆ. ಹಳೆಯ ಚೀಟಿ, ತಾಯಿ ಕಾರ್ಡ್ ಎಲ್ಲ ಒಂದೇ ಚೀಲದಲ್ಲಿ ಒಯ್ಯಿರಿ. ಹೋಗುವಾಗ ಗಂಡನೂ ಜೊತೆಗಿರಲಿ. ಡಾಕ್ಟರ್ ಹೇಳುವ ಮಾತು ಅವರ ಕಿವಿಗೂ ಬೀಳಬೇಕು.

ಬಸಿರಾಗುವ ಯೋಚನೆ ಇದ್ದರೆ ಅದಕ್ಕೆ ಮೊದಲೇ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿ. ಅಯೋಡಿನ್ ಇರುವ ಪ್ಯಾಕೆಟ್ ಉಪ್ಪನ್ನೇ ಬಳಸಿ, ಹರಳುಪ್ಪು ಬೇಡ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಹುಟ್ಟಿದ ಮಗುವಿಗೆ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ. ಆ ಕೊರತೆಯನ್ನು ಮೊದಲ ವಾರಗಳಲ್ಲೇ ಹಿಡಿದರೆ ದಿನಕ್ಕೊಂದು ಮಾತ್ರೆಯಲ್ಲಿ ಮಗುವಿನ ಬುದ್ಧಿ ಉಳಿಯುತ್ತದೆ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ನಮ್ಮಲ್ಲಿ 3 ವರ್ಷದ ಹುಡುಗ ಒಂದೂ ಮಾತಾಡುವುದಿಲ್ಲ. ಮನೆಯವರು ‘ಮಬ್ಬ’ ಅಂತಲೇ ಕರೆಯುತ್ತಾರೆ.
— ಔರಾದ್, ಬೀದರ್ ಜಿಲ್ಲೆ

ಉತ್ತರ: ಕಿವಿ. ಮೊದಲು ಕಿವಿ ಪರೀಕ್ಷೆ. ಅವನ ಹಿಂದೆ ನಿಂತು, ನೆರಳು ಬೀಳದ ಹಾಗೆ, ತಟ್ಟೆ ಬಡಿದು ನೋಡಿ. ಕೇಳಿಸಿತು ಅನ್ನಿಸಿದರೂ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಲೇಬೇಕು. ಕಿವಿ ಕೇಳದ ಜಾಣ ಮಕ್ಕಳನ್ನು ಮಬ್ಬ ಅಂತ ಮೂಲೆಗೆ ಕೂರಿಸಿದ್ದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಆರ್‌ಬಿಎಸ್‌ಕೆ ಅನ್ನುವ ಮಕ್ಕಳ ಆರೋಗ್ಯ ತಪಾಸಣೆ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅವರು ಬರುವವರೆಗೆ ಕಾಯಬೇಡಿ, ಈಗಲೇ ತಿಳಿಸಿ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದ, ಒಂಬತ್ತು ತಿಂಗಳಾದರೂ ಕೂರದ, ಒಂದೂವರೆ ವರ್ಷಕ್ಕೂ ನಡೆಯದ, ಎರಡು ವರ್ಷಕ್ಕೂ ಎರಡು ಮಾತು ಜೋಡಿಸದ ಮಗು ಯಾರದೇ ಇರಲಿ, ಹೆಸರು ಬರೆದಿಟ್ಟುಕೊಂಡು ತೋರಿಸಿ. ‘ಅವರಪ್ಪನೂ ತಡವಾಗೇ ಮಾತಾಡಿದ್ದ’ ಅನ್ನುವ ಮಾತಿಗೆ ಸುಮ್ನೆ ಆಗಬೇಡಿ.

ಪ್ರಶ್ನೆ: ನನ್ನ 13 ವರ್ಷದ ಮಗಳಿಗೆ ಬುದ್ಧಿ 5 ವರ್ಷದ ಮಗುವಿನಷ್ಟು. ದೊಡ್ಡವಳಾಗಿದ್ದಾಳೆ. ಮುಟ್ಟಿನ ಬಟ್ಟೆ ಎಲ್ಲೆಂದರಲ್ಲಿ ಕಿತ್ತು ಬಿಸಾಕುತ್ತಾಳೆ. ಗರ್ಭಕೋಶ ತೆಗೆಸಿಬಿಡಿ, ಸುರಕ್ಷಿತ ಅಂತ ಸಂಬಂಧಿಕರು ಹೇಳುತ್ತಿದ್ದಾರೆ.
— ಸೇಡಂ ತಾಲ್ಲೂಕು

ಉತ್ತರ: ತೆಗೆಸಬೇಡಿ. ಕೆಟ್ಟವನು ಮುಟ್ಟುವುದನ್ನು ಆ ಆಪರೇಷನ್ ತಡೆಯುವುದಿಲ್ಲ. ಅವನು ಮುಟ್ಟಿದ್ದು ಗೊತ್ತಾಗದ ಹಾಗೆ ಮಾಡುತ್ತದೆ, ಅಷ್ಟೇ. ಅವಳ ಒಪ್ಪಿಗೆ ಇಲ್ಲದೆ ಮಕ್ಕಳಾಗದಂತೆ ಮಾಡುವ ಚಿಕಿತ್ಸೆ ಕೊಡಬಾರದು ಅಂತ 2016ರ ಕಾಯ್ದೆಯೂ ಹೇಳುತ್ತದೆ. ರಕ್ತ ತುಂಬಾ ಹೋಗುತ್ತಿದ್ದರೆ, ಹೊಟ್ಟೆ ನೋವು ಜೋರಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಅದಕ್ಕೆ ಔಷಧಿ ಇದೆ. ಎದೆ, ತೊಡೆ ಸಂದು ಯಾರೂ ಮುಟ್ಟಬಾರದು ಅಂತ ಗೊಂಬೆ ತೋರಿಸಿ ಕಲಿಸಿ. ‘ಬ್ಯಾಡ’ ಅಂತ ಕೂಗೋದನ್ನೂ ಕಲಿಸಿ. ಏನಾದರೂ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಬಟ್ಟೆ ಕಿತ್ತು ಹಾಕುವುದಕ್ಕೆ ಒಂದು ಉಪಾಯ ಇದೆ. ಮುಟ್ಟಿಲ್ಲದ ದಿನಗಳಲ್ಲೇ ದಿನಕ್ಕೆ ಅರ್ಧ ಗಂಟೆ ಪ್ಯಾಡ್ ಇಟ್ಟು ರೂಢಿ ಮಾಡಿಸಿ, ಆಮೇಲೆ ಒಂದು ಗಂಟೆ. ಅವಳ ಚಡ್ಡಿಯ ಒಳಗೆ ಕೆಂಪು ದಾರದಲ್ಲಿ ಎರಡು ಗೆರೆ ಹೊಲಿಯಿರಿ, ಮುಂದೊಂದು ಹಿಂದೊಂದು. ಪ್ಯಾಡ್ ಆ ಎರಡು ಗೆರೆಯ ನಡುವೆ ಕೂರಬೇಕು. ಅವಳಿಗೆ ಬೇಕಿರುವ ಗುರುತು ಅಷ್ಟೇ. ಬದಲಿಸುವ ಜಾಗ ಯಾವಾಗಲೂ ಒಂದೇ ಇರಲಿ, ಬಚ್ಚಲು ಮನೆ, ಬಾಗಿಲು ಹಾಕಿ. ಬಳಸಿದ್ದನ್ನು ಹಾಕೋಕೆ ಮುಚ್ಚಳ ಇರುವ ಒಂದು ಡಬ್ಬ ಅಲ್ಲೇ ಇಡಿ, ಅವಳಿಗೆ ಇಷ್ಟವಾದ ಬಣ್ಣದ್ದು. ಮೊದಲ ನಾಲ್ಕೈದು ತಿಂಗಳು ನೀವು ಜೊತೆಗೆ ನಿಂತಿರಿ. ಡಬ್ಬದ ಮುಚ್ಚಳ ಹಾಕುವ ಕೆಲಸ ಮಾತ್ರ ಮೊದಲ ದಿನದಿಂದಲೂ ಅವಳದೇ.