ಗುಟ್ಟು ಹೇಳಿದ ಮಗು, ನಿದ್ದೆ ಬಾರದ ಟೀಚರ್: ಮಕ್ಕಳ ರಕ್ಷಣೆ ಕುರಿತು ನಿಮ್ಮ ಪ್ರಶ್ನೆಗಳು

ಈ ಸಲ ಪ್ರಶ್ನೆ ಕಳಿಸಿದವರೆಲ್ಲ ದಿನವೂ ಮಕ್ಕಳ ಜೊತೆ ಕೆಲಸ ಮಾಡುವವರು. ಟೀಚರ್, ನರ್ಸ್, ಮನೆ ಮನೆಗೆ ಹೋಗಿ ಬರುವ ಕಾರ್ಯಕರ್ತೆಯರು. ಕೇಳಿರುವುದು ಬೇರೆ ಬೇರೆ, ಅದರ ಹಿಂದಿನ ಭಯ ಮಾತ್ರ ಒಂದೇ: "ನನ್ನ ಅನುಮಾನ ಸುಳ್ಳಾದರೆ?"

ಪ್ರಶ್ನೆ: ನಾನು ಪ್ರೈಮರಿ ಸ್ಕೂಲ್ ಟೀಚರ್. ಒಂದನೇ ಕ್ಲಾಸಿನ ಹುಡುಗಿ "ಮಿಸ್, ಒಂದು ಗುಟ್ಟು ಹೇಳ್ತೀನಿ, ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ" ಅಂದಳು. ಮಾಡಿಬಿಟ್ಟೆ. ಮನೆಗೆ ಬರುವ ಒಬ್ಬ ದೊಡ್ಡವರು ತನ್ನನ್ನು ಮುಟ್ಟುವ ರೀತಿ ಇಷ್ಟವಿಲ್ಲ ಅಂದಳು. ಕೇಳಿ ಕೈಕಾಲು ತಣ್ಣಗಾಯಿತು. ಈಗ ಕೊಟ್ಟ ಮಾತು ಮುರಿಯಲಾ? ಮೊದಲು ಅವಳ ತಾಯಿಯನ್ನು ಕೇಳಿ ಖಾತ್ರಿ ಮಾಡಿಕೊಳ್ಳಲಾ?

ಮಾತು ಮುರಿಯಿರಿ. ಇವತ್ತೇ. ಆದರೆ ಅವಳಿಗೆ ಹೇಳಿ ಮುರಿಯಿರಿ. "ಯಾರಿಗೂ ಹೇಳಲ್ಲ ಅಂದಿದ್ದೆ, ಅದು ನನ್ನ ತಪ್ಪು. ನಿನಗೆ ಸಹಾಯ ಮಾಡೋಕೆ ಇನ್ನೊಬ್ಬರಿಗೆ ಹೇಳಲೇಬೇಕು. ಯಾರಿಗೆ ಹೇಳ್ತೀನಿ ಅಂತ ನಿನಗೂ ಹೇಳ್ತೀನಿ" ಅನ್ನಿ. ಮಗು ಅಳಬಹುದು, ನಿಮ್ಮ ಮೇಲೆ ಸಿಟ್ಟಾಗಬಹುದು. ಆಗಲಿ. ಹೇಳದೇ ಕೇಳದೇ ಹಿಂದಿನಿಂದ ಹೋದರೆ ಆಗುವ ಗಾಯ ಅದಕ್ಕಿಂತ ದೊಡ್ಡದು. ಮುಂದೆ ಯಾವ ಮಗುವಾದರೂ ಗುಟ್ಟು ಅಂತ ಬಂದರೆ, ಅದು ಬಾಯಿ ಬಿಡುವ ಮುಂಚೆಯೇ ಹೇಳಿಬಿಡಿ: "ಹೇಳು ಪುಟ್ಟಾ, ಕೇಳ್ತೀನಿ. ನಿನಗೆ ನೋವಾಗೋ ವಿಷಯ ಆದ್ರೆ ಮಾತ್ರ ಸಹಾಯ ಮಾಡೋರಿಗೆ ಹೇಳ್ತೀನಿ."

ತಾಯಿಯನ್ನು ಮೊದಲು ಕೇಳುವುದು ಬೇಡ. ತಾಯಿ ಕೆಟ್ಟವರು ಅಂತ ಹೀಗೆ ಹೇಳುತ್ತಿಲ್ಲ. ಎಷ್ಟೋ ಸಲ ಮಗುವಿನ ಪರ ಗಟ್ಟಿಯಾಗಿ ನಿಲ್ಲುವುದು ತಾಯಿಯೇ. ಆದರೆ ಆ ಮನೆಯಲ್ಲಿ ಯಾರು ಯಾರಿಗೆ ಹೆದರುತ್ತಾರೆ ಅನ್ನುವುದು ನಿಮಗೆ ಗೊತ್ತಿಲ್ಲ. ಸುದ್ದಿ ಸಂಜೆಯೊಳಗೆ ಆ ವ್ಯಕ್ತಿಯ ಕಿವಿಗೆ ಬಿದ್ದರೆ ರಾತ್ರಿಯೇ ಮಗುವಿನ ಬಾಯಿ ಮುಚ್ಚಿಸುತ್ತಾರೆ. ಮಾರನೇ ದಿನ ಅದು "ಸುಮ್ನೆ ಹೇಳ್ದೆ ಮಿಸ್" ಅನ್ನುತ್ತದೆ, ನಿಮಗೂ ನಿರಾಳ ಅನಿಸುತ್ತದೆ. ನನಗೆ ಜಾಸ್ತಿ ಭಯ ಆಗುವುದು ಈ ನಿರಾಳದ ಬಗ್ಗೆಯೇ. ತಾಯಿಗೆ ಯಾರು, ಯಾವಾಗ ಹೇಳಬೇಕು ಅನ್ನುವುದನ್ನು ತನಿಖೆ ಮಾಡುವವರ ಜೊತೆ ಕೂತು ತೀರ್ಮಾನಿಸಿ.

ಶಾಲೆಯಲ್ಲಿ ಮಕ್ಕಳ ರಕ್ಷಣೆಗೆ ಹೊಣೆ ಹೊತ್ತವರು ಇದ್ದರೆ ಮೊದಲು ಅವರಿಗೆ ತಿಳಿಸಿ. ಅವರು ಸಿಗಲಿಲ್ಲ ಅಂತ ನಾಳೆಗೆ ಮುಂದೂಡಬೇಡಿ. ಇವತ್ತು ಮನೆಗೆ ಹೋದರೇ ಅಪಾಯ ಅನಿಸಿದರೆ ನೇರವಾಗಿ ಪೊಲೀಸರಿಗೆ ಹೇಳಿ. ಯಾರಿಗೆ ವರದಿ ಮಾಡಬೇಕು ಅನ್ನುವ ನಿಯಮ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಇಂಥ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಶಿಕ್ಷೆ ಇದೆ.

ಇನ್ನು ಮಗುವಿನ ಜೊತೆ ಮಾತು. ಪ್ರಶ್ನೆ ಕಡಿಮೆ ಇರಲಿ. "ಅವರು ಇಲ್ಲಿ ಮುಟ್ಟಿದ್ರಾ?" ಅಂತ ಕೇಳಿದರೆ ಉತ್ತರವನ್ನು ನೀವೇ ಬಾಯಿಗೆ ತುರುಕಿದಂತೆ. ಚಿಕ್ಕ ಮಕ್ಕಳು ದೊಡ್ಡವರನ್ನು ಮೆಚ್ಚಿಸಲು ಹೂಂ ಅಂದುಬಿಡುತ್ತವೆ. ಮಕ್ಕಳ ಆರೋಗ್ಯದ ಸಂಶೋಧನೆ ಮಾಡುವ ಅಮೆರಿಕದ ಎನ್‌ಐಸಿಎಚ್‌ಡಿ ಸಂಸ್ಥೆಯಲ್ಲಿ ಮನೋವಿಜ್ಞಾನಿ ಮೈಕಲ್ ಲ್ಯಾಂಬ್ ಮತ್ತು ಸಂಗಡಿಗರು ಮಕ್ಕಳ ಹೇಳಿಕೆ ಪಡೆಯುವ ವಿಧಾನವೊಂದನ್ನು ರೂಪಿಸಿದರು. ಅದರ ತಿರುಳು ಸರಳ: "ಅದರ ಬಗ್ಗೆ ಹೇಳು", "ಆಮೇಲೆ ಏನಾಯ್ತು?" ಅಂತ ಬಾಗಿಲು ತೆರೆದಿಟ್ಟರೆ ಮಗು ತನ್ನ ನೆನಪಿನಿಂದಲೇ ಹೇಳುತ್ತದೆ, ಆ ಮಾತು ಹೆಚ್ಚು ನಂಬಿಕೆಗೆ ಅರ್ಹ. ಪೂರ್ತಿ ಹೇಳಿಕೆ ಪಡೆಯುವುದು ತರಬೇತಿ ಆದವರ ಕೆಲಸ. ನಿಮಗೆ ಇಷ್ಟು ಸಾಕು: "ಹೇಳಿದ್ದು ಒಳ್ಳೇದಾಯ್ತು. ನಿಂದೇನೂ ತಪ್ಪಿಲ್ಲ."

ಅವಳು ಕ್ಲಾಸಿಗೆ ಹೋದ ತಕ್ಷಣ ಬರೆಯಿರಿ. ಹೇಗೆ ಬರೆಯುತ್ತೀರಿ ಅನ್ನುವುದರ ಮೇಲೆ ಬಹಳ ನಿಂತಿದೆ. ತರಬೇತಿಯಲ್ಲಿ ನಾನು ಎರಡು ಚೀಟಿ ತೋರಿಸುತ್ತೇನೆ. ಎರಡೂ ನಾನೇ ಬರೆದವು. ಒಂದರಲ್ಲಿ ಹೀಗಿದೆ: "ಮಗು ತುಂಬಾ ಹೆದರಿತ್ತು. ಮನೆಯಲ್ಲಿ ದೌರ್ಜನ್ಯ ನಡೆಯುತ್ತಿದೆ ಅನಿಸುತ್ತದೆ." ಇನ್ನೊಂದರಲ್ಲಿ ಹೀಗೆ: "ಮಂಗಳವಾರ, ಬೆಳಿಗ್ಗೆ 11:20. ಚಿತ್ರ ಬಿಡಿಸುವ ಪೀರಿಯಡ್. ಕ್ರೇಯಾನ್ ಹಿಡಿದು ಕೂತಿದ್ದಳು, ಏನೂ ಬಿಡಿಸಿರಲಿಲ್ಲ. 'ಅವರು ಬರೋ ದಿನ ನಂಗೆ ಹೊಟ್ಟೆನೋವು' ಅಂದಳು. ನಾನು 'ಅದರ ಬಗ್ಗೆ ಹೇಳು' ಅಂದೆ. 'ಪಕ್ಕದಲ್ಲೇ ಕೂರಿಸ್ಕೋತಾರೆ, ಏಳೋಕೆ ಬಿಡಲ್ಲ' ಅಂದಳು. ಆಮೇಲೆ ಖಾಲಿ ಹಾಳೆ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನಾದಳು. 11:30ಕ್ಕೆ ಬೆಲ್ ಆಯಿತು." ಮೊದಲನೆಯದರಲ್ಲಿ ಟೀಚರ್ ಇದ್ದಾರೆ, ಮಗು ಇಲ್ಲ. ಎರಡನೆಯದರಲ್ಲಿ ಮಗುವಿನ ಮಾತು ಮಗುವಿನ ಮಾತಾಗಿಯೇ ಉಳಿದಿದೆ, ನೀವು ಕೇಳಿದ ಪ್ರಶ್ನೆಯೂ ಇದೆ. ಆರು ತಿಂಗಳ ನಂತರ ಯಾರು ಓದಿದರೂ ಆ ಹತ್ತು ನಿಮಿಷ ಕಣ್ಣಿಗೆ ಕಟ್ಟುತ್ತದೆ. ಸಹಿ, ತಾರೀಖು ಹಾಕಿ. ನೀಟಾಗಿ ಇನ್ನೊಮ್ಮೆ ಬರೆದರೂ ಮೊದಲ ಚೀಟಿಯನ್ನು ಹರಿದು ಹಾಕಬೇಡಿ.

ಪ್ರಶ್ನೆ: ನಾನು ನರ್ಸ್. ಮೂರು ತಿಂಗಳ ಕೂಸಿಗೆ ಲಸಿಕೆ ಹಾಕುವಾಗ ಕೆನ್ನೆ ಮೇಲೆ ಎರಡು ಸಣ್ಣ ನೀಲಿ ಗುರುತು ನೋಡಿದೆ. "ಅಣ್ಣನ ಆಟದ ಸಾಮಾನು ಬಿತ್ತು" ಅಂದರು ತಾಯಿ. ಒಳ್ಳೆಯ ಹೆಂಗಸು, ಪಾಪ. ಇಷ್ಟಕ್ಕೆಲ್ಲ ರಾದ್ಧಾಂತ ಮಾಡಬೇಕಾ?

ಮಾಡಬೇಕು. ರಾದ್ಧಾಂತ ಅಲ್ಲ, ಪರೀಕ್ಷೆ. ಮೂರು ತಿಂಗಳ ಕೂಸು ಮಗುಚಲೂ ಕಷ್ಟಪಡುತ್ತದೆ. ಓಡಾಡುವ ಮಕ್ಕಳ ಮೊಣಕಾಲು, ಹಣೆ ನೀಲಿಗಟ್ಟುವುದು ದಿನದ ಮಾತು, ಬೀಳುತ್ತವೆ ಏಳುತ್ತವೆ. ತನ್ನಷ್ಟಕ್ಕೆ ಚಲಿಸದ ಕೂಸಿಗೆ ಅಂಥ ಗುರುತು ಬರುವುದೇ ಅಪರೂಪ. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಮಾಮೂಲಿ ತಪಾಸಣೆಗೆ ಬಂದ 973 ಮಕ್ಕಳನ್ನು ನೋಡಿತು. ಆರು ತಿಂಗಳ ಒಳಗಿನ 366 ಕೂಸುಗಳಲ್ಲಿ ಗುರುತು ಇದ್ದದ್ದು ಇಬ್ಬರಿಗೆ ಮಾತ್ರ. ನಡೆಯುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಇತ್ತು.

ಜಾಗವೂ ಮಾತಾಡುತ್ತದೆ. ಮೇರಿ ಕ್ಲೈಡ್ ಪಿಯರ್ಸ್ ಅನ್ನುವ ಮಕ್ಕಳ ವೈದ್ಯೆಯ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ನಾಲ್ಕು ವರ್ಷದ ಒಳಗಿನ ಮಗುವಿಗೆ ಎದೆ, ಹೊಟ್ಟೆ, ಬೆನ್ನು, ಕಿವಿ, ಕತ್ತು, ದವಡೆಯ ಮೂಲೆ, ಕೆನ್ನೆಯ ಮೆತ್ತನೆ ಭಾಗ, ಕಣ್ಣಿನ ರೆಪ್ಪೆ, ಕಣ್ಣಿನ ಬಿಳಿ, ತುಟಿ ಒಸಡಿಗೆ ಅಂಟುವ ತೆಳು ಪೊರೆ, ಇಲ್ಲೆಲ್ಲ ಪೆಟ್ಟಿನ ಗುರುತು ಕಂಡರೆ ಎಚ್ಚರ ವಹಿಸಿ. ಬೆರಳಿನದೋ ಬೆಲ್ಟಿನದೋ ಅಚ್ಚು ಮೂಡಿದ್ದರೂ ಅಷ್ಟೇ. ನಾಲ್ಕು ತಿಂಗಳು ಮತ್ತು ಅದಕ್ಕಿಂತ ಚಿಕ್ಕ ಕೂಸಿಗಾದರೆ ಮೈಮೇಲೆ ಎಲ್ಲಿ ಗುರುತು ಇದ್ದರೂ ಸರಿ, ಬಿಡುವಂತಿಲ್ಲ. ನೀವು ಕಂಡ ಕೂಸಿಗೆ ವಯಸ್ಸೂ ಚಿಕ್ಕದು, ಜಾಗವೂ ಕೆನ್ನೆ.

ಆದರೆ ಗುರುತು ಕಂಡ ಮಾತ್ರಕ್ಕೆ ಯಾರೋ ಹೊಡೆದರು ಅಂತಲೂ ಅಲ್ಲ. ರಕ್ತ ಹೆಪ್ಪುಗಟ್ಟದ ಕಾಯಿಲೆ ಇರಬಹುದು. ಕಂದು ಮೈಬಣ್ಣದ ಕೂಸುಗಳ ಸೊಂಟ, ಬೆನ್ನಿನ ಮೇಲೆ ಹುಟ್ಟಿನಿಂದಲೇ ಬರುವ ನೀಲಿ-ಬೂದು ಮಚ್ಚೆಯನ್ನು ಪೆಟ್ಟು ಅಂದುಕೊಂಡು ತಂದೆತಾಯಿಯನ್ನು ಗೋಳಾಡಿಸಿದ್ದೂ ಉಂಟು. ಅದು ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಪೆಟ್ಟಿನ ಗುರುತು ಬಣ್ಣ ಬದಲಿಸಿ ಮಾಯವಾಗುತ್ತದೆ. ಹುಟ್ಟಿದಾಗಲೇ ಇಂಥ ಮಚ್ಚೆಯನ್ನು ಕಾರ್ಡಿನಲ್ಲಿ ಬರೆದಿಟ್ಟರೆ ಎಷ್ಟೋ ಕಣ್ಣೀರು ತಪ್ಪುತ್ತದೆ. ಬಣ್ಣ ನೋಡಿ "ಇದು ಮೂರು ದಿನದ್ದು" ಅಂತ ಹೇಳಲು ಮಾತ್ರ ಹೋಗಬೇಡಿ. ವೈದ್ಯರಿಗೂ ಅದು ಸಾಧ್ಯವಿಲ್ಲ.

ತಾಯಿಗೆ ನೇರವಾಗಿ, ಮೆತ್ತಗೆ ಹೇಳಿ: "ಇಷ್ಟು ಚಿಕ್ಕ ಕೂಸಿಗೆ ಗುರುತು ಕಂಡರೆ ನಾವು ಎಲ್ಲರಿಗೂ ಮಕ್ಕಳ ಡಾಕ್ಟರಿಗೆ ಇವತ್ತೇ ತೋರಿಸ್ತೀವಿ." ಎಲ್ಲರಿಗೂ ಅನ್ನುವುದು ನಿಜವಾಗಿರಲಿ. ಒಳ್ಳೆಯ ಹೆಂಗಸು ಅನಿಸಿದವರನ್ನು ಬಿಟ್ಟು ಬಡವರನ್ನು ಮಾತ್ರ ಕಳಿಸಿದರೆ ಅದು ಅನ್ಯಾಯ. ಅವರು ಹೇಳಿದ ಕಾರಣವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಜೊತೆಗೆ ರಾತ್ರಿ ಕೂಸು ಎಷ್ಟು ಅಳುತ್ತದೆ, ಎತ್ತಿಕೊಳ್ಳಲು ಇನ್ನೊಬ್ಬರು ಇದ್ದಾರಾ ಅಂತ ಕೇಳಿ. ಹುಟ್ಟಿದ ಎರಡನೇ ತಿಂಗಳಲ್ಲಿ ಅಳು ತುತ್ತತುದಿಗೆ ಏರುತ್ತದೆ. ನಿದ್ದೆಗೆಟ್ಟ ಕೈಗಳು ಕೂಸನ್ನು ಕುಲುಕಿಬಿಡುವುದು ಇಂಥ ಹೊತ್ತಿನಲ್ಲೇ, ಅದರಿಂದ ಮೆದುಳಿಗೆ ಪೆಟ್ಟಾಗುತ್ತದೆ. ತಡೆಯಲಾಗದಷ್ಟು ಸಿಟ್ಟು ಬಂದರೆ ಕೂಸನ್ನು ಅಂಗಾತ ಸುರಕ್ಷಿತ ಜಾಗದಲ್ಲಿ ಮಲಗಿಸಿ ಐದು ನಿಮಿಷ ಆಚೆ ಬನ್ನಿ ಅಂತ ಪ್ರತಿ ತಂದೆತಾಯಿಗೂ ಹೇಳಿ. ಮುಖ್ಯವಾಗಿ ತಂದೆಗೆ. ಅವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಪ್ರಶ್ನೆ: ನಮ್ಮ ಏರಿಯಾದಲ್ಲಿ ನಡೆದ ಒಂದು ಪ್ರಕರಣದ ಬಗ್ಗೆ ಮಗುವಿನ ಫೋಟೋ ಸಮೇತ ವಾಟ್ಸಾಪಿನಲ್ಲಿ ಸುದ್ದಿ ಓಡಾಡುತ್ತಿದೆ. ಜನರಿಗೆ ಎಚ್ಚರಿಕೆ ಅಂತ ನಾನೂ ಕಳಿಸಲಾ?

ಬೇಡ. ಫೋಟೋ, ಹೆಸರು, ಶಾಲೆ, ಮನೆ, ಇದರಲ್ಲಿ ಒಂದೂ ಬೇಡ. ಅಂಥ ಮಗುವಿನ ಗುರುತು ಬಯಲು ಮಾಡುವುದು ಅನೇಕ ದೇಶಗಳಲ್ಲಿ ಅಪರಾಧ, ಭಾರತದಲ್ಲೂ ಹೌದು. ಆ ಮಗು ನಾಳೆ ಅದೇ ರಸ್ತೆಯಲ್ಲಿ ನಡೆದು ಶಾಲೆಗೆ ಹೋಗಬೇಕಲ್ವಾ? ಕಳಿಸಿದವರಿಗೆ ಡಿಲೀಟ್ ಮಾಡಲು ಹೇಳಿ. ಎಚ್ಚರಿಕೆ ಕೊಡಲೇಬೇಕು ಅಂದರೆ ಅನುಮಾನ ಬಂದಾಗ ಯಾರಿಗೆ ಫೋನ್ ಮಾಡಬೇಕು ಅನ್ನುವ ನಂಬರ್ ಕಳಿಸಿ.

ಪ್ರಶ್ನೆ: ನಾನು ಕುಟುಂಬಗಳಿಗೆ ನೆರವಾಗುವ ಕಾರ್ಯಕರ್ತೆ. ಒಂದು ಮನೆಯವರು ನಾನು ಹೇಳಿದ್ದಕ್ಕೆಲ್ಲ "ಆಯ್ತು ಮೇಡಂ" ಅಂತಾರೆ, ನಗುನಗುತ್ತಾ ಮಾತಾಡಿಸುತ್ತಾರೆ. ಆದರೆ ನಾಲ್ಕು ಸಲ ಹೋದರೂ ಹುಡುಗ ಮಲಗಿದ್ದಾನೆ, ಹೊರಗೆ ಹೋಗಿದ್ದಾನೆ ಅನ್ನುತ್ತಾರೆ. ಆಸ್ಪತ್ರೆಗೂ ಕರೆತರಲಿಲ್ಲ. ದೂರು ಕೊಟ್ಟರೆ ನನ್ನ ಮೇಲಿನ ನಂಬಿಕೆ ಹೋಗುತ್ತದೆ.

ನಾಲ್ಕು ಸಲ ಹೋಗಿದ್ದೀರಿ, ಮಗುವನ್ನು ಒಮ್ಮೆಯೂ ನೋಡಿಲ್ಲ. ನಿಮ್ಮ ವರದಿಯ ಮೊದಲ ಸಾಲು ಇದೇ ಆಗಿರಲಿ. "ಕುಟುಂಬ ಸಹಕರಿಸುತ್ತಿದೆ" ಅಂತ ಬರೆಯಬೇಡಿ. ಸಹಕಾರ ಅಂದರೆ ಮಗುವಿನ ಬದುಕಿನಲ್ಲಿ ಏನಾದರೂ ಬದಲಾಗಬೇಕು. ಹಾಗೆಯೇ ಆಸ್ಪತ್ರೆ ದಾಖಲೆಯಲ್ಲಿ "ಬರಲಿಲ್ಲ" ಅಂತ ಇದ್ದರೆ ಅದನ್ನು "ಕರೆತರಲಿಲ್ಲ" ಅಂತ ಓದಿ. ಮಗು ತಾನೇ ಎದ್ದು ಆಸ್ಪತ್ರೆಗೆ ಬರುವುದಿಲ್ಲ.

ವಿಕ್ಟೋರಿಯಾ ಕ್ಲಿಂಬಿಯೆ ಅನ್ನುವ ಎಂಟು ವರ್ಷದ ಹುಡುಗಿ 2000ದ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು. ಅವಳ ಮೈಮೇಲೆ 128 ಗಾಯಗಳಿದ್ದವು. ಆಸ್ಪತ್ರೆ, ಪೊಲೀಸ್, ಸಮಾಜ ಸೇವೆಯವರು, ಎಲ್ಲರೂ ಅವಳನ್ನು ಬಲ್ಲವರೇ. ಈ ಸಾವಿನ ಬಗ್ಗೆ ಸರ್ಕಾರ ಲಾರ್ಡ್ ಲೇಮಿಂಗ್ ಅವರಿಂದ ಮಾಡಿಸಿದ ವಿಚಾರಣೆಯ ವರದಿ 2003ರಲ್ಲಿ ಬಂತು. ಅವಳನ್ನು ಉಳಿಸಬಹುದಾಗಿದ್ದ ಕನಿಷ್ಠ 12 ಅವಕಾಶ ಕೈತಪ್ಪಿದ್ದವು ಅಂತ ಅದು ಲೆಕ್ಕ ಹಾಕಿತು. ಒಬ್ಬೊಬ್ಬರ ಹತ್ತಿರ ಒಂದೊಂದು ಚೂರು ಇತ್ತು. ಒಂದೆಡೆ ಇಟ್ಟು ನೋಡಿದವರಿಲ್ಲ. ನಿಮ್ಮ ನಾಲ್ಕು ಭೇಟಿಯೂ ಒಂದು ಚೂರೇ. ಶಾಲೆಯ ಹಾಜರಿ ಪುಸ್ತಕದಲ್ಲಿ ಇನ್ನೊಂದು ಇರಬಹುದು. ಕೊಟ್ಟುಬಿಡಿ, ಪೂರ್ತಿ ಆಗಲಿ ಅಂತ ಕಾಯಬೇಡಿ.

ನಂಬಿಕೆಯ ಮಾತಿಗೆ ಬರುತ್ತೇನೆ. ಮುಂದಿನ ಭೇಟಿಗೆ ಬಿಡುವಿನ ದಿನ ನೋಡಬೇಡಿ, ಈ ವಾರವೇ ಮೇಲಿನವರ ಜೊತೆ ಹೋಗಿ. "ಹುಡುಗನನ್ನು ನೋಡದೇ ಹೋಗೋಕಾಗಲ್ಲ. ನೀವು ಏನೋ ಕಷ್ಟದಲ್ಲಿದ್ದೀರಿ ಅನಿಸ್ತಿದೆ. ಏನು ಭಯ ನಿಮಗೆ?" ಅಂತ ಕೇಳಿ. ಮಗುವನ್ನು ಕಿತ್ತುಕೊಂಡು ಹೋಗುತ್ತಾರೆ ಅನ್ನುವ ಹೆದರಿಕೆ ಎಷ್ಟೋ ಮನೆಗಳಲ್ಲಿ ಬಾಗಿಲು ಮುಚ್ಚಿಸುತ್ತದೆ. ಸಾಲ, ಕುಡಿತ, ಬಾಣಂತಿಯ ಖಿನ್ನತೆ, ಮಗುವಿನ ಅಂಗವೈಕಲ್ಯದ ನಾಚಿಕೆ, ಏನು ಬೇಕಾದರೂ ಹಿಂದೆ ಇರಬಹುದು. ನ್ಯೂಜಿಲೆಂಡ್ 1989ರ ಕಾನೂನಿನಲ್ಲಿ ಕುಟುಂಬ ಸಭೆ ಅನ್ನುವ ಪದ್ಧತಿ ತಂದಿತು. ಅಜ್ಜ ಅಜ್ಜಿ, ಚಿಕ್ಕಪ್ಪ, ಅತ್ತೆ, ಎಲ್ಲರನ್ನೂ ಕೂರಿಸಿ ಮಗುವನ್ನು ಹೇಗೆ ಕಾಪಾಡುತ್ತೀರಿ ಅಂತ ಅವರನ್ನೇ ಕೇಳುವುದು, ಅಧಿಕಾರಿಗಳು ಸ್ವಲ್ಪ ಹೊತ್ತು ಎದ್ದು ಹೊರಗೆ ಹೋಗುವುದು. ಎಷ್ಟೋ ದೇಶಗಳು ಇದನ್ನು ಅಳವಡಿಸಿಕೊಂಡಿವೆ. ಮನೆಯೊಳಗೇ ಹಿಂಸೆ, ಬೆದರಿಕೆ ಇದ್ದಲ್ಲಿ ಮಾತ್ರ ಇದನ್ನು ಬಹಳ ಎಚ್ಚರದಿಂದ ಮಾಡಬೇಕು. ಉಳಿದ ಕಡೆ ನಾನು ಮೊದಲು ಹುಡುಕುವುದು ಇಂಥ ದಾರಿಯನ್ನೇ.

ಪ್ರಶ್ನೆ: ವರ್ಷಕ್ಕೊಮ್ಮೆ ಒಂದು ಗಂಟೆ ತರಬೇತಿ ಕೊಡುತ್ತಾರೆ. ಸಾಕಾ?

ಸಾಲದು. ಸ್ಲೈಡ್ ನೋಡಿ ಈಜು ಕಲಿಯಲಾಗುವುದಿಲ್ಲ. ಮೇಲೆ ಹೇಳಿದ ಲ್ಯಾಂಬ್ ತಂಡವೇ ಇದನ್ನೂ ನೋಡಿತು: ಚೆನ್ನಾಗಿ ಕಲಿತವರೂ ಪದೇ ಪದೇ ತಿದ್ದುವವರು ಇಲ್ಲದಾಗ ಹಳೆಯ ಪ್ರಶ್ನೆಗಳಿಗೇ ಮರಳಿದರು. ತಿಂಗಳಿಗೆ ಇಪ್ಪತ್ತು ನಿಮಿಷ ಸಾಕು. ಒಬ್ಬರು ಮಗುವಾಗಿ, ಒಬ್ಬರು ಟೀಚರ್ ಆಗಿ ಕೂತು ಅಭ್ಯಾಸ ಮಾಡಿ, ಮೂರನೆಯವರು ಪ್ರಶ್ನೆಗಳನ್ನು ಬರೆದುಕೊಳ್ಳಲಿ. ಎಷ್ಟಕ್ಕೆ ಹೌದು-ಅಲ್ಲ ಅನ್ನುವ ಉತ್ತರ ಮಾತ್ರ ಬಂತು ಅಂತ ಎಣಿಸಿ. ಡ್ರೈವರ್, ಆಯಾ, ವಾಚ್‌ಮನ್ ಅವರನ್ನೂ ಕೂರಿಸಿಕೊಳ್ಳಿ. ಮಕ್ಕಳು ಕೆಲವೊಮ್ಮೆ ಅವರ ಹತ್ತಿರವೇ ಮೊದಲು ಬಾಯಿ ಬಿಡುತ್ತವೆ.

ಪ್ರಶ್ನೆ: ಒಬ್ಬ ಹುಡುಗನ ಬಗ್ಗೆ ವರದಿ ಕೊಟ್ಟೆ. ಮೂರು ವಾರ ಆಯಿತು, ಏನಾಯಿತು ಅಂತ ಯಾರೂ ಹೇಳಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ. ತಪ್ಪು ಮಾಡಿದೆನಾ?

ತಪ್ಪು ಮಾಡಿಲ್ಲ. ಕಂಡದ್ದನ್ನು ಕಂಡಂತೆ ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ. ನಿಜವೋ ಸುಳ್ಳೋ ಅಂತ ತೀರ್ಮಾನಿಸುವ ಹೊರೆ ನಿಮ್ಮದಲ್ಲ. ನಿದ್ದೆ ಕೆಡುವಷ್ಟು ಭಾರವನ್ನು ಒಬ್ಬರೇ ಹೊರಬೇಡಿ, ಮೇಲಿನವರ ಹತ್ತಿರ ಅರ್ಧ ಗಂಟೆ ಕೇಳಿ ಕೂತು ಮಾತಾಡಿ. ಆ ಹುಡುಗ ಕ್ಲಾಸಿಗೆ ಬಂದಾಗ ಅದರ ಬಗ್ಗೆ ಕೆದಕಬೇಡಿ, ಯಾವಾಗಿನಂತೆ ಹೆಸರು ಹಿಡಿದು ಮಾತಾಡಿಸಿ. ಪೂರ್ತಿ ವಿವರ ನಿಮಗೆ ಹೇಳದೇ ಇರಬಹುದು, ಅದು ಮಗುವಿನ ಗೌಪ್ಯತೆಗಾಗಿ. ಆದರೆ ವರದಿ ತಲುಪಿದೆಯಾ, ಅದನ್ನು ಯಾರು ನೋಡುತ್ತಿದ್ದಾರೆ ಅಂತ ಧಾರಾಳವಾಗಿ ಕೇಳಬಹುದು. ಹೊಸದಾಗಿ ಏನಾದರೂ ಕಂಡಿದ್ದರೆ ಅದನ್ನೂ ಸೇರಿಸಿ. ನಾಳೆ ಬೆಳಿಗ್ಗೆ ಫೋನ್ ಮಾಡಿ. ಮಾತಾಡಿದವರ ಹೆಸರು, ಸಮಯ ಬರೆದಿಟ್ಟುಕೊಳ್ಳಿ. ಸಮಾಧಾನದ ಉತ್ತರ ಬಾರದಿದ್ದರೆ ಅವರ ಮೇಲಿನವರಿಗೆ ಮಾಡಿ.