36 ಕ್ರಾಸ್, ಒಂದು ತಿಪ್ಪೆ

ಪ್ರಶ್ನೆ: ಎಂ.ಎಸ್ಸಿ. ಪ್ರಬಂಧಕ್ಕಾಗಿ ಹತ್ತಿಯ 9 ತಳಿಗಳನ್ನು ಒಂದಕ್ಕೊಂದು ಕ್ರಾಸ್ ಮಾಡಬೇಕಿದೆ. ಗಂಡು ಹೆಣ್ಣು ಅದಲುಬದಲು ಮಾಡದಿದ್ದರೂ 36 ಕ್ರಾಸ್ ಆಗುತ್ತವೆ. ಯಾವ ತಳಿ ಒಳ್ಳೆಯ ಪೋಷಕ ಎಂಬುದಷ್ಟೇ ನನಗೆ ತಿಳಿಯಬೇಕು. ಕೊಟ್ಟಿರುವ ಎರೆಹೊಲದ ಒಂದು ಮಗ್ಗುಲು ತಗ್ಗಾಗಿದ್ದು, ಮಳೆ ಬಂದರೆ ನೀರು ನಿಲ್ಲುತ್ತದೆ. 36 ಪ್ಲಾಟ್‌ಗಳ ಬ್ಲಾಕನ್ನು ಎರಡು ಸಲ ಹಾಕಿದರೆ ಸಾಕೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪ್ಲಾಟ್‌ಗಳು ಸಾಕು, ಬ್ಲಾಕ್ ದೊಡ್ಡದಾಯಿತು. ಬ್ಲಾಕ್ ಎಂದರೆ ನೆಲ ಒಂದೇ ಬಗೆಯದು ಎಂದು ನಂಬಿ ಒಟ್ಟಿಗೆ ಹೋಲಿಸುವ ಪ್ಲಾಟ್‌ಗಳ ಗುಂಪು; ದೊಡ್ಡದಾದಷ್ಟೂ ಆ ನಂಬಿಕೆ ಕೆಡುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ 45 ಕ್ರಾಸ್‌ಗಳನ್ನು ಒಂದೇ ಬ್ಲಾಕಿನಲ್ಲಿ ಉದ್ದಕ್ಕೆ ಹಾಕಿದ್ದೆ. ಒಂದು ತಳಿಯ ಮಕ್ಕಳು ಎದೆಯೆತ್ತರ ಬೆಳೆದು ಮೈತುಂಬ ಕಾಯಿ ಕಟ್ಟಿದವು. ಸಿಕ್ಕಿತು ಎಂದು ಕುಣಿಯುತ್ತಿದ್ದಾಗ ಹಳೆಯ ಆಳು ಬಂದು ನೋಡಿ, "ಇಲ್ಲಿ ಮೊದಲು ತಿಪ್ಪೆ ಇತ್ತಲ್ಲ, ಸಾಹೇಬರೇ" ಎಂದ. ಚೀಟಿ ಎತ್ತಿದಾಗ ಆ ತಳಿಯ ನಾಲ್ಕು ಕ್ರಾಸ್‌ಗಳು ಅಲ್ಲಿಗೇ ಬಿದ್ದಿದ್ದವು. ಮರುವರ್ಷ ಬೇರೆ ಹೊಲದಲ್ಲಿ ಅದೇ ತಳಿ ನಡುಮಟ್ಟಕ್ಕೆ ಇಳಿಯಿತು.

ನಿಮಗೆ ಬೇಕಾದದ್ದು ಜಿಸಿಎ (ಜನರಲ್ ಕಂಬೈನಿಂಗ್ ಎಬಿಲಿಟಿ), ಅಂದರೆ ಯಾರ ಜೊತೆ ಕೂಡಿಸಿದರೂ ಒಂದು ತಳಿ ಸರಾಸರಿ ಎಷ್ಟು ಕೊಡುತ್ತದೆ ಎಂಬ ಲೆಕ್ಕ. ಸ್ಪ್ರಾಗ್ ಮತ್ತು ಟೇಟಮ್ 1942ರಲ್ಲಿ ಮೆಕ್ಕೆಜೋಳದ ಮೇಲೆ ಕೆಲಸ ಮಾಡಿ ಕೊಟ್ಟ ಪರಿಕಲ್ಪನೆ ಅದು. ಅದಕ್ಕೆ 4 ಪ್ಲಾಟ್‌ಗಳ 9 ಸಣ್ಣ ಬ್ಲಾಕ್ ಮಾಡಿ. ಜಾಣತನ ಇರುವುದು ಯಾವ ನಾಲ್ಕು ಎಂಬುದರಲ್ಲಿ. ಚೀಟಿ ಎತ್ತಿ ತಳಿಗಳಿಗೆ 0ಯಿಂದ 8ರವರೆಗೆ ಸಂಖ್ಯೆ ಕೊಡಿ. ಮೊದಲ ಬ್ಲಾಕಿಗೆ 1×8, 2×7, 3×6, 4×5. ಎಂಟು ತಳಿಗಳು ಒಂದೊಂದು ಸಲ ಬಂದವು, 0 ಹೊರಗುಳಿಯಿತು. ಪ್ರತಿ ಸಂಖ್ಯೆಗೂ 1 ಕೂಡಿಸಿ, 8 ದಾಟಿದರೆ ಮತ್ತೆ 0: 2×0, 3×8, 4×7, 5×6. ಇದು ಎರಡನೆಯ ಬ್ಲಾಕ್, ಇಲ್ಲಿ ಹೊರಗುಳಿದದ್ದು 1. ಹೀಗೆ ಒಂಬತ್ತು ಬ್ಲಾಕ್ ತುಂಬಿದರೆ 36 ಕ್ರಾಸ್‌ಗಳೂ ಒಂದೊಂದೇ ಸಲ ಬಂದಿರುತ್ತವೆ. ಯಾವ ಎರಡು ತಳಿಗಳನ್ನು ಹಿಡಿದರೂ 7 ಬ್ಲಾಕ್‌ಗಳಲ್ಲಿ ಎರಡೂ ಇರುತ್ತವೆ. ತಗ್ಗಿನ ಬ್ಲಾಕ್ ಸೊರಗಿದರೆ ಅಲ್ಲಿರುವ ಎಂಟೂ ತಳಿಗಳಿಗೆ ಒಂದೇ ಪೆಟ್ಟು. ಇದೇ ಅಳತೆಯ ಬ್ಲಾಕ್‌ಗಳಲ್ಲಿ ಜಿಸಿಎ ಅಳೆಯಲು ಇಂಥ ಹಂಚಿಕೆಯನ್ನು ಮೀರಿಸುವುದು ಇಲ್ಲ ಎಂದು ಸಂಖ್ಯಾಶಾಸ್ತ್ರಜ್ಞರಾದ ಗುಪ್ತಾ ಮತ್ತು ಕಾಗೆಯಾಮಾ 1994ರಲ್ಲಿ ಸಾಧಿಸಿದರು. ನಿಮ್ಮ 72 ಪ್ಲಾಟ್‌ಗಳಲ್ಲಿ ಇಡೀ ಸುತ್ತನ್ನು ಎರಡು ಸಲ ಹಾಕಿ. ಬ್ಲಾಕಿನ ಒಳಗೆ ಯಾವ ಕ್ರಾಸ್ ಎಲ್ಲಿ ಎಂಬುದಕ್ಕೂ ಚೀಟಿ ಎತ್ತಿ.

ನಿಮ್ಮೂರಿನ ಡಿಸಿಎಚ್-32, ಅಂದರೆ ಜಯಲಕ್ಷ್ಮಿಯಂಥ ಹೈಬ್ರಿಡ್‌ಗೆ ಒಂದು ನಿರ್ದಿಷ್ಟ ಜೋಡಿ ಹುಡುಕುವುದಾದರೆ ಮಾತು ಬೇರೆ, ಆಗ ಈ ಸಣ್ಣ ಬ್ಲಾಕ್‌ಗಳನ್ನು ನಾನು ನೆಚ್ಚುವುದಿಲ್ಲ.

ಸಂಜೆ ಮೊಗ್ಗು ಸುಲಿದು ಕೇಸರ ತೆಗೆದು, ಮರುದಿನ ಬೆಳಿಗ್ಗೆ ಪರಾಗ ಸವರುವ ಕೆಲಸಕ್ಕೆ ಕೈಗಳು ಸಾಲದಿದ್ದರೆ 18 ಕ್ರಾಸ್‌ಗಳಲ್ಲೂ ಮುಗಿಸಬಹುದು. ಸಂಖ್ಯಾಶಾಸ್ತ್ರಜ್ಞರೇ ಆದ ಕೆಂಪ್‌ಥಾರ್ನ್ ಮತ್ತು ಕರ್ನೊ 1961ರಲ್ಲಿ ತೋರಿಸಿದ ದಾರಿ ಇದು: 0ಯನ್ನು 3, 4, 5, 6ರ ಜೊತೆ ಮಾತ್ರ ಕೂಡಿಸಿ, 1ನ್ನು 4, 5, 6, 7ರ ಜೊತೆ, ಹೀಗೆ ತಿರುಗಿಸುತ್ತ ಹೋಗಿ. ಪ್ರತಿ ತಳಿಗೂ ನಾಲ್ಕೇ ಕ್ರಾಸ್. ನಿಖರತೆ ಕಡಿಮೆಯಾಗುತ್ತದೆ, ಆದರೆ ಅರೆಬರೆ ಕಾಯಿ ಕಟ್ಟಿದ 36 ಕ್ರಾಸ್‌ಗಳಿಗಿಂತ ಬೀಜ ತುಂಬಿದ 18 ಲೇಸು.

ಮೊಗ್ಗಿಗೆ ಕಟ್ಟುವ ಚೀಟಿಯ ಮೇಲೆ ಕ್ರಾಸ್ ಸಂಖ್ಯೆಯೊಂದನ್ನೇ ಬರೆಯಬೇಡಿ, ಎರಡೂ ತಳಿಗಳ ಹೆಸರು ಬರೆಯಿರಿ. ಪೆನ್ಸಿಲ್ಲಿನಲ್ಲಿ, ಮಳೆಗೆ ಶಾಯಿ ನಿಲ್ಲುವುದಿಲ್ಲ.