ಮೆಡಿಕಲ್ ಸ್ಟೋರಿಗೆ ಕೊಟ್ಟ ಹಣ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬೇರೆ ಹೆಸರಿನಲ್ಲಿರುವುದೇಕೆ? ಅದು ನಮ್ಮದೇ ಖರ್ಚು ಎಂದು ತಿಳಿಯುವುದು ಹೇಗೆ?

ಬಹಳ ಸಲ ಅದು ನೀವೇ ಕೊಂಡ ಮಾತ್ರೆಯ ಹಣವಾಗಿರುತ್ತದೆ. ಅಂಗಡಿಯ ಬೋರ್ಡಿನ ಮೇಲಿನ ಹೆಸರು ಒಂದು, ಹಣ ಸೇರುವ ಖಾತೆಯ ಹೆಸರು ಇನ್ನೊಂದು. ಸ್ಟೇಟ್‌ಮೆಂಟಿನಲ್ಲಿ ಹೆಚ್ಚಾಗಿ ಬರುವುದು ಎರಡನೆಯದು. ಉದಾಹರಣೆಗೆ, ಮೆಡ್‌ಪ್ಲಸ್ ಅಂಗಡಿಗಳನ್ನು ನಡೆಸುವ ಕಂಪನಿಯ ಹೆಸರು ಆಪ್ಟಿವಲ್ ಹೆಲ್ತ್ ಸೊಲ್ಯೂಷನ್ಸ್. ಬೀದಿ ತಿರುವಿನ ಸಣ್ಣ ಅಂಗಡಿಯಲ್ಲಾದರೆ ಗಲ್ಲಾದ ಮುಂದೆ ಅಂಟಿಸಿರುವ ಕ್ಯೂಆರ್ ಕೋಡ್ ಮಾಲೀಕರ ಸ್ವಂತ ಹೆಸರಿನಲ್ಲೇ ಇರಬಹುದು.

ಯುಪಿಐ ಪಾವತಿಯಾಗಿದ್ದರೆ ಸ್ಟೇಟ್‌ಮೆಂಟಿನ ವಿವರದ ಸಾಲಿನಲ್ಲಿ 12 ಅಂಕಿಗಳ ಸಂಖ್ಯೆಯೊಂದನ್ನು ಹುಡುಕಿ. ಫೋನಿನ ಆ್ಯಪ್‌ನಲ್ಲಿ ಅದೇ ಪಾವತಿಯನ್ನು ತೆರೆದರೆ ಅದೇ ಸಂಖ್ಯೆ ಇರಬೇಕು. ಹೆಸರಿಗಿಂತ ಇದೇ ಗಟ್ಟಿ ಸಾಕ್ಷಿ. ಕಾರ್ಡ್ ಆಗಿದ್ದರೆ ದಿನಾಂಕ ಒಂದೆರಡು ದಿನ ಹಿಂದುಮುಂದಾಗಬಹುದು, ಮೊತ್ತವನ್ನು ನೋಡಿ. ಹೆಸರಿನ ಬಗ್ಗೆ ಇನ್ನೂ ಅನುಮಾನವಿದ್ದರೆ, ಬಿಲ್ಲಿನ ಮೇಲಿನ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿ: ನೋಂದಾಯಿತ ಹೆಸರು, ಅಂಗಡಿಯ ಹೆಸರು ಎರಡೂ ಸಿಗುತ್ತವೆ. (ಮಾತ್ರೆ ಮುಗಿಯುವ ಮೊದಲೇ ಬಿಲ್ ಕಳೆಯುವುದು ನಮ್ಮ ಮನೆಯ ವಾಡಿಕೆ, ಹಾಗಾಗಿ ನಾನು ಫೋಟೊ ತೆಗೆದಿಡುತ್ತೇನೆ.)

ಮನೆಯವರನ್ನೂ ಕೇಳಿ ನೋಡಿದ ಮೇಲೆ ಲೆಕ್ಕ ಸಿಗದಿದ್ದರೆ ತಡಮಾಡದೆ ಬ್ಯಾಂಕಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ವಂಚನೆ ಎಂದು ಖಚಿತವಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ.